ಬ್ಯಾಂಕುಗಳ ಡೊಮೇನ್ ಬದಲಾವಣೆ ಮತ್ತು ಮರುನಿರ್ದೇಶನ

ಡೊಮೇನ್ ಮರುನಿರ್ದೇಶನ ಎಂದರೆ ಒಂದು ಜಾಲತಾಣದ ವಿಳಾಸವನ್ನು ಅರಸಿ ಬಂದವರನ್ನು ಸರ್ವರ್ ತಾನಾಗಿಯೇ ಮತ್ತೊಂದು ವಿಳಾಸಕ್ಕೆ ಕಳುಹಿಸುವ ವ್ಯವಸ್ಥೆ. ಸಂಸ್ಥೆಯ ಹೆಸರು ಬದಲಾದಾಗ, ಎರಡು ಸಂಸ್ಥೆಗಳು ವಿಲೀನಗೊಂಡಾಗ ಅಥವಾ ಸುರಕ್ಷತೆಯ ಕಾರಣಕ್ಕೆ ಹೊಸ ಡೊಮೇನ್ ಪಡೆದಾಗ ಇದು ಅಗತ್ಯವಾಗುತ್ತದೆ. 2025ರಲ್ಲಿ ಭಾರತದ ಬ್ಯಾಂಕುಗಳು ತಮ್ಮ ಹಳೆಯ ವಿಳಾಸಗಳಿಂದ ‘ಬ್ಯಾಂಕ್.ಇನ್’ ಡೊಮೇನ್‌ಗೆ ಸ್ಥಳಾಂತರಗೊಂಡದ್ದು ಇದರ ಪ್ರಮುಖ ಉದಾಹರಣೆ.

ಹಿನ್ನೆಲೆ

ಬ್ಯಾಂಕಿನ ಜಾಲತಾಣವನ್ನೇ ಹೋಲುವ ನಕಲಿ ಪುಟ ರಚಿಸಿ ಗ್ರಾಹಕರ ಗುಪ್ತಪದಗಳನ್ನು ಅಪಹರಿಸುವ ವಂಚನೆಯನ್ನು ‘ಫಿಶಿಂಗ್’ ಎನ್ನುತ್ತಾರೆ. ಕಾಮ್, ಕೋ.ಇನ್, ಇನ್ ಮುಂತಾದ ಡೊಮೇನ್‌ಗಳಲ್ಲಿ ಶುಲ್ಕ ತೆತ್ತವರು ಯಾರು ಬೇಕಾದರೂ ಹೆಸರು ನೋಂದಾಯಿಸಬಹುದಾದ ಕಾರಣ, ವಿಳಾಸವನ್ನು ನೋಡಿ ಬ್ಯಾಂಕನ್ನು ಗುರುತಿಸುವುದು ಗ್ರಾಹಕರಿಗೆ ಕಷ್ಟವಾಗಿತ್ತು. ಈ ಹಿನ್ನೆಲೆಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿ 7ರಂದು ಭಾರತದ ಬ್ಯಾಂಕುಗಳಿಗಷ್ಟೇ ಮೀಸಲಾದ ಡೊಮೇನ್ ಒಂದನ್ನು ಪ್ರಕಟಿಸಿತು. ಏಪ್ರಿಲ್ 22ರ ಸುತ್ತೋಲೆಯು ಸ್ಥಳಾಂತರಕ್ಕೆ ಅಕ್ಟೋಬರ್ 31ರ ಗಡುವನ್ನು ವಿಧಿಸಿತು. ನೋಂದಣಿಯ ಹೊಣೆಯನ್ನು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಗೆ ವಹಿಸಲಾಯಿತು. ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ‘ಫಿನ್.ಇನ್’ ಡೊಮೇನ್ ನೀಡುವ ಉದ್ದೇಶವನ್ನೂ ರಿಸರ್ವ್ ಬ್ಯಾಂಕ್ ತಿಳಿಸಿತು.

ತಾಂತ್ರಿಕ ಸ್ವರೂಪ

ಬ್ರೌಸರ್ ಹಳೆಯ ವಿಳಾಸವನ್ನು ಕೇಳಿದಾಗ ಸರ್ವರ್ ಒಂದು ಸಂಕೇತಸಂಖ್ಯೆಯನ್ನೂ ಹೊಸ ವಿಳಾಸವನ್ನೂ ಉತ್ತರವಾಗಿ ಕೊಡುತ್ತದೆ. 301 ಮತ್ತು 308 ಶಾಶ್ವತ ಬದಲಾವಣೆಯನ್ನೂ, 302 ಮತ್ತು 307 ತಾತ್ಕಾಲಿಕ ಬದಲಾವಣೆಯನ್ನೂ ಸೂಚಿಸುತ್ತವೆ. ಶಾಶ್ವತ ಸಂಕೇತವನ್ನು ಕಂಡ ಶೋಧಯಂತ್ರಗಳು ಕ್ರಮೇಣ ಹಳೆಯ ವಿಳಾಸದ ಬದಲು ಹೊಸದನ್ನು ತೋರಿಸತೊಡಗುತ್ತವೆ. ಮರುನಿರ್ದೇಶನವನ್ನು ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಬೇಕೆಂಬುದು ಗೂಗಲ್ ನೀಡುವ ಸಲಹೆ. ಹಳೆಯ ಡೊಮೇನ್‌ನ ಭದ್ರತಾ ಪ್ರಮಾಣಪತ್ರವೂ ಚಾಲ್ತಿಯಲ್ಲಿರಬೇಕು; ಇಲ್ಲವಾದರೆ ಹೊಸ ತಾಣವನ್ನು ತಲುಪುವ ಮೊದಲೇ ಬ್ರೌಸರ್ ಎಚ್ಚರಿಕೆ ನೀಡಿ ತಡೆಯುತ್ತದೆ. ಜಾಲತಾಣದ ಮರುನಿರ್ದೇಶನದಿಂದ ಮಿಂಚಂಚೆ ಸ್ಥಳಾಂತರಗೊಳ್ಳುವುದಿಲ್ಲ. ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು.

ವಿಶ್ಲೇಷಣೆ

ಈ ಬದಲಾವಣೆಯಲ್ಲಿ ಒಂದು ವಿರೋಧಾಭಾಸವಿದೆ. ವಿಳಾಸ ಬೇರೆಯಾಗಿ ಕಂಡರೆ ಗುಪ್ತಪದ ನಮೂದಿಸಬಾರದೆಂದು ಬ್ಯಾಂಕುಗಳು ವರ್ಷಗಳಿಂದ ಗ್ರಾಹಕರಿಗೆ ತಿಳಿಹೇಳುತ್ತ ಬಂದಿವೆ. ಈಗ ಬ್ಯಾಂಕುಗಳೇ ವಿಳಾಸ ಬದಲಿಸಿದಾಗ, ಆ ಎಚ್ಚರಿಕೆಯನ್ನು ಪಾಲಿಸುವ ಗ್ರಾಹಕರೇ ಹೆಚ್ಚು ಗೊಂದಲಕ್ಕೊಳಗಾಗುತ್ತಾರೆ. ಗುಪ್ತಪದಗಳನ್ನು ಉಳಿಸಿಡುವ ತಂತ್ರಾಂಶಗಳು ಅವುಗಳನ್ನು ಡೊಮೇನ್‌ಗೆ ಹೊಂದಿಸಿಯೇ ಇಡುವುದರಿಂದ, ಹೊಸ ವಿಳಾಸದಲ್ಲಿ ಅವು ತಾವಾಗಿಯೇ ಗುಪ್ತಪದವನ್ನು ತುಂಬುವುದಿಲ್ಲ. ನಕಲಿ ತಾಣದಲ್ಲಿ ಗ್ರಾಹಕರನ್ನು ಕಾಪಾಡುವುದೂ ಇದೇ ಲಕ್ಷಣ. ಹೀಗಾಗಿ ನಿಜವಾದ ಸ್ಥಳಾಂತರವೂ ವಂಚನೆಯೂ ಗ್ರಾಹಕರ ಕಣ್ಣಿಗೆ ಒಂದೇ ರೀತಿ ಕಾಣುವ ಅವಧಿಯೊಂದು ಉಂಟಾಗುತ್ತದೆ. ‘ನಮ್ಮ ವಿಳಾಸ ಬದಲಾಗಿದೆ, ಇಲ್ಲಿ ಒತ್ತಿರಿ’ ಎಂಬ ಸಂದೇಶವು ವಂಚಕರಿಗೂ ಅನುಕೂಲಕರವೇ.

ಎರಡನೆಯ ಸಮಸ್ಯೆ ವಿಳಾಸವನ್ನು ಓದುವ ಕ್ರಮಕ್ಕೆ ಸಂಬಂಧಿಸಿದ್ದು. ಡೊಮೇನ್ ಹೆಸರಿನ ಒಡೆತನವನ್ನು ಬಲದಿಂದ ಎಡಕ್ಕೆ ಓದಿ ತಿಳಿಯಬೇಕು. ‘ಎಸ್‌ಬಿಐ.ಬ್ಯಾಂಕ್.ಇನ್’ ಎಂಬಲ್ಲಿ ‘ಬ್ಯಾಂಕ್’ ಪದದ ಎರಡೂ ಬದಿಗಳಲ್ಲಿ ಚುಕ್ಕೆಯಿದೆ. ಆದುದರಿಂದ ಅದು ಮೀಸಲು ಡೊಮೇನ್‌ಗೆ ಸೇರಿದ್ದು. ಚುಕ್ಕೆಯ ಬದಲು ಅಡ್ಡಗೆರೆ ಬಂದರೆ, ಅಥವಾ ಬೇರೊಂದು ಪದವು ‘ಬ್ಯಾಂಕ್’ ಜೊತೆ ಕೂಡಿಕೊಂಡಿದ್ದರೆ, ಅದು ಯಾರು ಬೇಕಾದರೂ ಪಡೆಯಬಹುದಾದ ಸಾಮಾನ್ಯ ‘ಇನ್’ ವಿಳಾಸ. ‘ಬ್ಯಾಂಕ್.ಇನ್’ ಆದ ಮೇಲೆ ಮತ್ತೊಂದು ಚುಕ್ಕೆಯೂ ಹೆಸರೂ ಬಂದರೂ ಅದು ಬ್ಯಾಂಕಿನದಲ್ಲ. ಒಂದು ಚುಕ್ಕೆಯ ಮೇಲೆ ನಿಂತ ಈ ವ್ಯತ್ಯಾಸವನ್ನು ರೋಮನ್ ಲಿಪಿ ಸರಿಯಾಗಿ ಬಾರದ ಗ್ರಾಹಕರು ಗುರುತಿಸುವುದು ಸುಲಭವಲ್ಲ. ಪ್ರಾದೇಶಿಕ ಭಾಷೆಗಳಲ್ಲಿ ವಿವರಣೆಯಿಲ್ಲದೆ ಮೀಸಲು ಡೊಮೇನ್‌ನ ಪ್ರಯೋಜನ ಅವರನ್ನು ಪೂರ್ಣವಾಗಿ ತಲುಪಲಾರದು.

ಮೂರನೆಯದು ಹಳೆಯ ಡೊಮೇನ್‌ನ ಭವಿಷ್ಯ. ಡೊಮೇನ್ ಹೆಸರನ್ನು ನಿಗದಿತ ಅವಧಿಗೆ ನೋಂದಾಯಿಸಲಾಗುತ್ತದೆ. ನವೀಕರಿಸದಿದ್ದರೆ ಕೆಲವು ವಾರಗಳ ನಂತರ ಅದು ಮತ್ತೆ ಮಾರಾಟಕ್ಕೆ ಲಭ್ಯವಾಗುತ್ತದೆ. ಪಾಸ್‌ಪುಸ್ತಕ, ಚೆಕ್‌ಪುಸ್ತಕ ಮತ್ತು ಕಾರ್ಡುಗಳ ಮೇಲೆ ಮುದ್ರಿತವಾದ ಹಳೆಯ ವಿಳಾಸವು ಅನ್ಯರ ಕೈಸೇರಿದರೆ, ಮುದ್ರಿತ ದಾಖಲೆಯೇ ಗ್ರಾಹಕರನ್ನು ವಂಚಕರತ್ತ ಕರೆದೊಯ್ಯುವ ಅಪಾಯವಿದೆ. ಹಳೆಯ ವಿಳಾಸಕ್ಕೆ ಬರುವ ಮಿಂಚಂಚೆಗಳೂ ಹೊಸ ಒಡೆಯರಿಗೆ ದೊರಕಬಹುದು. ಆದುದರಿಂದ ಬ್ಯಾಂಕುಗಳ ವಿಷಯದಲ್ಲಿ ಹಳೆಯ ಡೊಮೇನ್‌ಅನ್ನು ಉಳಿಸಿಕೊಳ್ಳುವ ವಾರ್ಷಿಕ ವೆಚ್ಚವು ಗ್ರಾಹಕರ ರಕ್ಷಣೆಯ ಭಾಗವೇ ಆಗಿದೆ.

ಕರ್ನಾಟಕದಲ್ಲಿ

ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳ ಗ್ರಾಹಕರಿಗೆ ಇದು ಅಲ್ಪಾವಧಿಯಲ್ಲಿ ಎದುರಾದ ಎರಡನೆಯ ಬದಲಾವಣೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಹಳೆಯ ಬ್ಯಾಂಕಿನ ಹೆಸರನ್ನೇ ಶೋಧಿಸುವ ಗ್ರಾಹಕರು ಎರಡು ಹಂತಗಳನ್ನು ದಾಟಿ ಈಗಿನ ವಿಳಾಸವನ್ನು ತಲುಪಬೇಕಾಗುತ್ತದೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಬಳ್ಳಾರಿ ಕೇಂದ್ರವಾಗಿ ಒಂದಾದುದರಿಂದ, ಗ್ರಾಮೀಣ ಗ್ರಾಹಕರಿಗೆ ವಿಲೀನ ಮತ್ತು ಹೊಸ ಡೊಮೇನ್ ಎರಡೂ ಒಂದೇ ವರ್ಷದಲ್ಲಿ ಎದುರಾದವು.

ಮಿತಿಗಳು

ಮೀಸಲು ಡೊಮೇನ್ ತಾಣವು ಬ್ಯಾಂಕಿನದೇ ಎಂಬುದನ್ನು ದೃಢಪಡಿಸುತ್ತದೆ. ದೂರವಾಣಿ ಕರೆಯ ಮೂಲಕ ಒಂದು ಬಾರಿಯ ಗುಪ್ತಪದವನ್ನು ಪಡೆಯುವುದು, ನಕಲಿ ಆ್ಯಪ್ ಅಳವಡಿಸುವಂತೆ ಮಾಡುವುದು ಮೊದಲಾದ ವಂಚನೆಗಳನ್ನು ಅದು ತಡೆಯಲಾರದು. ಸಂದೇಶಗಳಲ್ಲಿ ಬಂದ ಕೊಂಡಿಯನ್ನು ಒತ್ತದೆ ವಿಳಾಸವನ್ನು ಸ್ವತಃ ಬೆರಳಚ್ಚಿಸುವುದು, ಸಂದೇಹವಿದ್ದಾಗ ಶಾಖೆಯಲ್ಲಿ ವಿಚಾರಿಸುವುದು ಹೊಸ ವ್ಯವಸ್ಥೆಯಲ್ಲಿಯೂ ಅಗತ್ಯವಾದ ಕ್ರಮಗಳಾಗಿವೆ.