ಬಣ್ಣದ ಲೈಟಿಗಿಂತ ಗಟ್ಟಿ ಎಸ್.ಎಂ.ಪಿ.ಎಸ್. ಮುಖ್ಯ



ಬಿಡುವು ಸಿಕ್ಕರೆ ಸಾಕು, ಈಗ ನಮ್ಮ ತರಗತಿಯಲ್ಲಿ ಗೇಮಿಂಗ್ ಕಂಪ್ಯೂಟರಿನದೇ ಮಾತು. ಯಾವ ಗ್ರಾಫಿಕ್ಸ್ ಕಾರ್ಡು, ಎಷ್ಟು ಫ್ಯಾನು, ಯಾವ ಬಣ್ಣದ ಲೈಟು ಅಂತ ಜಗಳವೇ ನಡೆಯುತ್ತದೆ. ನಮ್ಮೂರ ಕರೆಂಟಿನ ವಿಷಯ ಮಾತ್ರ ಯಾರೂ ಎತ್ತಲ್ಲ. ನನ್ನ ಅಭಿಪ್ರಾಯದಲ್ಲಿ ಸಾಮಾನಿನ ಪಟ್ಟಿ ಅಲ್ಲಿಂದಲೇ ಶುರುವಾಗಬೇಕು.

ತ್ರೀ ಫೇಸ್ ಬಂದ ಕೂಡಲೇ ಹೊಲದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡ್ತವೆ, ಮನೆ ಬಲ್ಬು ಮಂಕಾಗುತ್ತೆ. 230 ವೋಲ್ಟ್ ಇರಬೇಕಾದದ್ದು ಎಲ್ಲಿಗೋ ಇಳಿಯುತ್ತೆ. ಈ ಹೊಡೆತ ಮೊದಲು ಬೀಳುವುದು ಎಸ್.ಎಂ.ಪಿ.ಎಸ್. ಮೇಲೆ. ಮನೆಯ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆ ಅದು. ಅದು ಕೆಟ್ಟರೆ ತಾನೊಂದೇ ಕೆಡದೆ ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಗಬಹುದು. ಆದರೂ ನಮ್ಮ ಹುಡುಗರು ದುಡ್ಡು ಉಳಿಸೋದು ಅಲ್ಲೇ! ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನೇ ಸಾಕು ಅಂತಾರೆ. 80 ಪ್ಲಸ್ ಗುರುತಿದ್ದರೆ ಶೇಕಡಾ 20, 50, 100 ಭಾರದಲ್ಲಿ ಅದರ ದಕ್ಷತೆ 80ಕ್ಕಿಂತ ಕಡಿಮೆ ಇಲ್ಲ ಅಂತ ಅರ್ಥ. ಅಷ್ಟೇ ನೋಡಿದರೂ ಸಾಲದು, ಎಷ್ಟು ವರ್ಷ ವಾರಂಟಿ ಅಂತಲೂ ಕೇಳಬೇಕು.

ಇನ್ನು ಯು.ಪಿ.ಎಸ್. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿ.ಎ. ಯು.ಪಿ.ಎಸ್. ಹೊರುವುದು ಸುಮಾರು 360 ವ್ಯಾಟ್ ಮಾತ್ರ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಇದಕ್ಕೆ ಕಟ್ಟಿದರೆ, ಕರೆಂಟ್ ಹೋದಾಗ ಕೀಂ ಅಂತ ಕೂಗಿ ಆಫ್ ಆದರೂ ಆಶ್ಚರ್ಯವಿಲ್ಲ.

ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇರುವವರು ಮೊದಲು ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತಗೊಳ್ಳೋದು ಜಾಣತನ. 2021ರಲ್ಲಿ ಬಂದ ರೈಜೆನ್ 5 5600ಜಿ ಇದಕ್ಕೆ ಒಳ್ಳೆ ಉದಾಹರಣೆ: 6 ಕೋರ್, 65 ವ್ಯಾಟ್. ವ್ಯಾಲೊರಂಟ್ ಆಡಬಹುದು. ನಮ್ಮ ಅಣ್ಣಂದಿರ ಪ್ರೀತಿಯ ಕ್ರಿಕೆಟ್ 07 ಅಂತೂ ಕೇಳಲೇಬೇಡಿ. ಇದಕ್ಕೆ 16 ಜಿ.ಬಿ. ರ‍್ಯಾಮ್ ಒಂದೇ ಕಡ್ಡಿಯಾಗಿ ಹಾಕಬಾರದು, 8ರ ಎರಡು ಹಾಕಬೇಕು. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಎರಡು ದಾರಿ ಇದ್ದರೆ ವೇಗ ಜಾಸ್ತಿ. (2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ್ದು ನಮ್ಮ ದುರಾದೃಷ್ಟ.) ಹಾರ್ಡ್ ಡಿಸ್ಕ್ ಬದಲು ಎಸ್.ಎಸ್.ಡಿ. ಇರಲಿ. ಮುಂದೆ ದುಡ್ಡು ಬಂದಾಗ ಅದೇ ಬೋರ್ಡಿಗೆ ಕಾರ್ಡ್ ಸೇರಿಸಬಹುದು.

ಹಳೇ ಕಾರ್ಡ್ ಅಗ್ಗಕ್ಕೆ ಸಿಗುತ್ತೆ ಅನ್ನುವವರಿಗೊಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯಕ್ಕೆ ಗಣಿಗಾರಿಕೆ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಎಷ್ಟೋ ಮಾರಾಟಕ್ಕೆ ಬಂದವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ ಸರಿ, ಕಣ್ಣೆದುರಿಗೆ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ.

"ಆಟಕ್ಕೆ ಅಷ್ಟು ದುಡ್ಡು ಯಾಕೋ?" ಅಂತ ಗುರುಗಳು ಕೇಳ್ತಾರೆ. ಕೇಳೋದು ನ್ಯಾಯವೇ. ಮೆಕ್ಕೆಜೋಳ ಮಾರಿದ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಅದರಲ್ಲೇ ಗೊಬ್ಬರ, ಅದರಲ್ಲೇ ಫೀಸು. ಆದರೆ "ಓದೋಕೆ" ಅಂತ ಸುಳ್ಳು ಹೇಳಿ ಅಪ್ಪನ ಹತ್ತಿರ ದುಡ್ಡು ಈಸ್ಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ಆಟಕ್ಕೂ ಬೇಕು ಅಂತಲೇ ಹೇಳೋಣ. ನುಡಿಯಲ್ಲಿ ಟೈಪಿಂಗ್, ಬ್ಲೆಂಡರಿನಲ್ಲಿ ಚಿತ್ರ, ಪೈಥಾನ್ ಕಲಿಯೋದು ಎಲ್ಲಾ ಅದರಲ್ಲೇ ಆಗುತ್ತೆ. ಒಂದೇ ಮಳೆಗಾಲಕ್ಕೆ ಸುಟ್ಟು ಹೋಗುವುದನ್ನು ತಂದರೆ ಮಾತ್ರ ಅಪ್ಪನಿಗೆ ಏನು ಉತ್ತರ ಕೊಡೋದು?

ಅರ್ಥಿಂಗ್ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅಂದರೆ ಮೂರನೇ ಪಿನ್ನಿಗೆ ಸರಿಯಾದ ಅರ್ಥ್ ಇಲ್ಲ ಅಂತ ಅನುಮಾನಿಸಿ. ಕಂಪ್ಯೂಟರ್ ಮನೆಗೆ ಬರೋಕೆ ಮುಂಚೆಯೇ ವೈರಿಂಗ್ ಮಾಡುವ ಅಣ್ಣನನ್ನು ಕರೆಸಿ ಸಾಕೆಟ್ ನೋಡಿಸಿ. ಅರ್ಥ್ ಗುಂಡಿ ಒಣಗಿದ್ದರೆ ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕಿ.

- ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ