ಹೊಸ್ತಿಲು ದಾಟುವ ದಿನ

‘ಇನ್ನೂ ಬೋರಲು ಬಿದ್ದಿಲ್ಲವಾ?’ ಐದು ತಿಂಗಳ ಕೂಸಿರುವ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ. ಚೆನ್ನೈನ ಕನ್ನಡ ಮನೆಯಲ್ಲಾದರೆ ಅದು ಎರಡು ಭಾಷೆಗಳಲ್ಲಿ ಬರುತ್ತದೆ: ಬಾಣಂತನಕ್ಕೆ ಬಂದ ಅಜ್ಜಿಯಿಂದ ಕನ್ನಡದಲ್ಲಿ, ಪಕ್ಕದ ಮನೆಯ ಮಾಮಿಯಿಂದ ತಮಿಳಿನಲ್ಲಿ. ತಾಯಿ ಉತ್ತರ ಹುಡುಕುವುದು ಮೊಬೈಲಿನಲ್ಲಿ. ಅಲ್ಲಿ ತಿಂಗಳಿಗೊಂದು ಪಟ್ಟಿ ಇದೆ. ಪಟ್ಟಿಯೇನೂ ಕೆಟ್ಟದ್ದಲ್ಲ, ಅದನ್ನು ಅಂಕಪಟ್ಟಿಯಂತೆ ಓದುವುದು ಕೆಟ್ಟದ್ದು.

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ತಾನೇ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ. ಶೇ. 4ರಷ್ಟು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಅಂದರೆ ಪಕ್ಕದ ಮನೆಯ ಮಗು ಐದರಲ್ಲಿ ಕೂತು, ನಮ್ಮದು ಎಂಟರಲ್ಲಿ ಕೂತರೆ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗಂತೂ ವೈದ್ಯರು ಆ ಎರಡು ತಿಂಗಳನ್ನು ಕಳೆದೇ ವಯಸ್ಸು ಎಣಿಸುತ್ತಾರೆ.

ಹಾಗೆಂದು ‘ಎಲ್ಲ ನಿಧಾನಕ್ಕೆ ಬರುತ್ತೆ ಬಿಡು, ಅವರಪ್ಪನೂ ತಡವಾಗೇ ನಡೆದದ್ದು’ ಎನ್ನುವುದು ಸರಿಯೇ? ಆತಂಕದಷ್ಟೇ ಈ ಸಮಾಧಾನವೂ ಪಟ್ಟಿಯನ್ನು ತಪ್ಪಾಗಿ ಓದುತ್ತದೆ. ಅವಧಿ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ಕೊನೆಯಿದೆ. ಮೂರು ತಿಂಗಳಾದರೂ ಮುಖ ನೋಡಿ ನಗದ, ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದ, ಸದ್ದಿಗೆ ಬೆಚ್ಚದ ಮಗುವನ್ನು, ಅದಕ್ಕಿಂತ ಹೆಚ್ಚಾಗಿ ಕಲಿತದ್ದನ್ನೇ ಮರೆಯುತ್ತಿರುವ ಮಗುವನ್ನು, ವೈದ್ಯರಿಗೆ ತೋರಿಸಲೇಬೇಕು.

‘ಎಳೆಗೂಸಿಗೇ ಹಣೆಪಟ್ಟಿ ಹಚ್ಚುವುದೇ?’ ಎಂದು ಹಿರಿಯರು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಉತ್ತರ ಅದೇ ಚೆನ್ನೈನ ತ್ಯಾಗರಾಯ ನಗರದಲ್ಲಿದೆ. 1989ರಲ್ಲಿ ಶುರುವಾದ ಮಧುರಂ ನಾರಾಯಣನ್ ಕೇಂದ್ರ ಬೆಳವಣಿಗೆ ಹಿಂದುಳಿದ ಮಕ್ಕಳಿಗಾಗಿ ‘ಉಪನಯನ’ ಎಂಬ ಕ್ರಮವನ್ನು ನಡೆಸುತ್ತಿದೆ. ಹುಟ್ಟಿನಿಂದ ಎರಡು ವರ್ಷದವರೆಗಿನ ಬೆಳವಣಿಗೆಯನ್ನು ಅದು ಚಲನೆ, ಸ್ವಸಹಾಯ, ಭಾಷೆ, ಗ್ರಹಿಕೆ, ಒಡನಾಟ ಎಂಬ ಐದು ವಿಭಾಗಗಳಲ್ಲಿ 250 ಸಣ್ಣ ಕೌಶಲಗಳಾಗಿ ಬಿಡಿಸುತ್ತದೆ. ಅಲ್ಲಿ ಪಟ್ಟಿಯನ್ನು ತೆರೆಯುವುದು ಮಗು ಎಷ್ಟು ಹಿಂದಿದೆ ಎಂದು ತೀರ್ಪು ಕೊಡಲಿಕ್ಕಲ್ಲ, ಮುಂದಿನ ಮೆಟ್ಟಿಲು ಯಾವುದೆಂದು ಹುಡುಕಲಿಕ್ಕೆ. ತಾಯಿಯೂ ಜೊತೆಗೆ ಕೂತು ಕಲಿಯುತ್ತಾಳೆ. ಉಪನಯನವೆಂದರೆ ಹತ್ತಿರಕ್ಕೆ ಕರೆದೊಯ್ಯುವುದು, ಹೆಸರು ಸಾರ್ಥಕ.

ಮಗು ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಪೂಜೆ ಮಾಡಿ ಕಾಯಿ ಒಡೆಯುವ ಪದ್ಧತಿ ನಮ್ಮಲ್ಲಿದೆ. ಆ ಹಬ್ಬಕ್ಕೆ ಪಂಚಾಂಗದಲ್ಲಿ ತಿಥಿಯಿಲ್ಲ. ಮಗು ದಾಟಿದ್ದೇ ಮುಹೂರ್ತ. ಕಾಯಿ ತಂದಿಟ್ಟುಕೊಂಡು ಕಾಯುವವರಿಗೆ ಅವಸರವೂ ಬೇಡ, ತೂಕಡಿಕೆಯೂ ಬೇಡ.