ಮರೆಗುಳಿತನದ ಪರೀಕ್ಷೆ ಯಾವ ಭಾಷೆಯಲ್ಲಿ? ಮುಂಬೈ ಕನ್ನಡಿಗರ ಮುಂದಿರುವ ಪ್ರಶ್ನೆ

ನವಿ ಮುಂಬೈ: ಸಾನಪಾಡಾ, ವಾಶಿ, ನೆರೂಲ್, ಡೊಂಬಿವಲಿಯಲ್ಲಿ ನೆಲೆಸಿರುವ ಕರಾವಳಿ ಮೂಲದ ಹಿರಿಯರಲ್ಲಿ ಒಂದೇ ಭಾಷೆಯಲ್ಲಿ ಬದುಕು ಕಳೆದವರು ವಿರಳ. ಮನೆಯಲ್ಲಿ ತುಳು ಅಥವಾ ಕುಂದಗನ್ನಡ, ಶಾಲೆಯಲ್ಲಿ ಕನ್ನಡ, ಹೋಟೆಲ್ ಗಲ್ಲಾದಲ್ಲಿ ಹಿಂದಿ, ನೆರೆಹೊರೆಯಲ್ಲಿ ಮರಾಠಿ. ಇವರಲ್ಲಿ ಯಾರಿಗಾದರೂ ಡಿಮೆನ್ಷಿಯಾ ಶಂಕೆ ಬಂದರೆ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಬೇಕು? ಆಯ್ಕೆ ತಪ್ಪಿದರೆ ಕಾಯಿಲೆ ಇಲ್ಲದವರಿಗೂ ರೋಗಿಯ ಹಣೆಪಟ್ಟಿ ಬೀಳಬಹುದು.

ಇದು ಕೆಲವೇ ಮನೆಗಳ ಸಮಸ್ಯೆಯಲ್ಲ. 2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷಿಕರು ಸುಮಾರು 10 ಲಕ್ಷ. ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ.

ಎರಡು ಭಾಷೆಯ ಲಾಭ

ಎರಡು ಭಾಷೆ ಬಲ್ಲವರಿಗೆ ಒಂದು ಅನುಕೂಲವಿದೆ ಎಂಬ ವಾದಕ್ಕೆ ಬಲ ತುಂಬಿದ್ದು ಹೈದರಾಬಾದ್‌ನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಧ್ಯಯನ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮೂರು, ನಾಲ್ಕು ಭಾಷೆ ಬಂದರೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ.

ಆದರೆ ಇದನ್ನು ರಕ್ಷಾಕವಚ ಎಂದುಕೊಳ್ಳುವಂತಿಲ್ಲ. ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ಲಂಡನ್ ಸಂಶೋಧಕರು 2017ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಅಪಾಯ ಕಡಿಮೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಟೊರೊಂಟೊದ ಇನ್ನೊಂದು ಅಧ್ಯಯನ ಎಚ್ಚರಿಕೆಯನ್ನೂ ಕೊಡುತ್ತದೆ. ಒಂದೇ ಮಟ್ಟದ ನೆನಪಿನ ಶಕ್ತಿ ಉಳಿದಿದ್ದ ಅಲ್ಝೈಮರ್ ರೋಗಿಗಳ ಮಿದುಳಿನ ಸ್ಕ್ಯಾನ್ ಹೋಲಿಸಿದಾಗ, ಎರಡು ಭಾಷೆ ಬಲ್ಲವರ ಮಿದುಳು ಹೆಚ್ಚು ಸವೆದಿತ್ತು. ಮಾತು ಸರಾಗವಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು.

ಅಂಕ ತಪ್ಪುವುದೆಲ್ಲಿ?

ಸಾಮಾನ್ಯವಾಗಿ ಬಳಸುವ 30 ಅಂಕಗಳ ಪರೀಕ್ಷೆಯಲ್ಲಿ ದಿನಾಂಕ ಹೇಳುವುದು, ಮೂರು ಪದ ನೆನಪಿಟ್ಟುಕೊಳ್ಳುವುದು, ನೂರರಿಂದ ಏಳೇಳು ಕಳೆಯುತ್ತ ಹೋಗುವುದು, ವಸ್ತುಗಳ ಹೆಸರು ಹೇಳುವುದು ಮುಂತಾದ ಪ್ರಶ್ನೆಗಳಿರುತ್ತವೆ. ಮಗ್ಗಿಯನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದವರು ಲೆಕ್ಕವನ್ನೂ ಕನ್ನಡದಲ್ಲೇ ಮಾಡುತ್ತಾರೆ. ಅವರನ್ನು ಹಿಂದಿಯಲ್ಲಿ ಕೇಳಿದರೆ ತಡವರಿಸುವುದು ಸಹಜ. ಅದು ಮರೆವೋ, ಭಾಷೆಯ ತೊಡಕೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ.

ಇದನ್ನು ಮನಗಂಡೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶೀ ಪರೀಕ್ಷೆಗಳ ಸಮೂಹವೊಂದನ್ನು ರೂಪಿಸಿತು. 2020ರಲ್ಲಿ ಪ್ರಕಟವಾದ ಆ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳದಲ್ಲಿದ್ದವು. ಅಂದರೆ ಕನ್ನಡದಲ್ಲಿ ಸಲಕರಣೆ ಇದೆ. ಆದರೆ ಕನ್ನಡ ಬಲ್ಲ ಪರೀಕ್ಷಕರು ಸಿಗುವುದು ಬೆಂಗಳೂರಿನಷ್ಟು ಸುಲಭವಾಗಿ ಮುಂಬೈಯಲ್ಲಿ ಸಾಧ್ಯವಿಲ್ಲ. ಆ ಐದರ ಪಟ್ಟಿಯಲ್ಲಿ ತುಳು ಇಲ್ಲ, ಮರಾಠಿಯೂ ಇಲ್ಲ.

ಮನೆಯೊಳಗಿನ ಮೌನ

ಕಾಯಿಲೆ ಮುಂದುವರಿದಂತೆ ಯಾರೊಂದಿಗೆ ಯಾವ ಭಾಷೆ ಆಡಬೇಕು ಎಂಬ ಎಚ್ಚರವೂ ಕೆಲವರಲ್ಲಿ ಸಡಿಲವಾಗುತ್ತದೆ. ಹಿಂದಿ ಮಾತ್ರ ಬಲ್ಲ ಆರೈಕೆ ಸಿಬ್ಬಂದಿ ಜೊತೆ ತುಳುವಿನಲ್ಲಿ ಮಾತಿಗಿಳಿಯಬಹುದು. ಜೀವನವಿಡೀ ಭಾಷೆ ಬೆರೆಸಿಯೇ ಮಾತನಾಡಿದವರಲ್ಲಿ ಬೆರಕೆಯೇ ರೋಗಲಕ್ಷಣವಲ್ಲ. ಎದುರಿನವರಿಗೆ ಅರ್ಥವಾಗುತ್ತಿಲ್ಲ ಎಂಬುದು ತಿಳಿಯದೇ ಹೋದರೆ ಅದನ್ನು ವೈದ್ಯರ ಗಮನಕ್ಕೆ ತರಬೇಕು.

ಮುಂಬೈಯಲ್ಲೇ ಬೆಳೆದ ಮೊಮ್ಮಕ್ಕಳಲ್ಲಿ ಹಲವರಿಗೆ ಅಜ್ಜ, ಅಜ್ಜಿಯ ಭಾಷೆ ಅರ್ಥವಾದರೂ ಆಡಲು ಬಾರದು. ಹಿರಿಯರಿಗೆ ಹಿಂದಿ, ಮರಾಠಿ ಕೈಕೊಟ್ಟ ಹೊತ್ತಿಗೆ ಮಾತಿಗೆ ಜನರೇ ಇಲ್ಲದಂತಾಗುತ್ತದೆ. ಸ್ವೀಡನ್‌ನಲ್ಲಿ ಫಿನ್ಲೆಂಡ್ ಮೂಲದ ಡಿಮೆನ್ಷಿಯಾ ರೋಗಿಗಳ ಬಗ್ಗೆ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ಅವರ ಭಾಷೆ ಬಲ್ಲ ಆರೈಕೆದಾರರಿದ್ದಾಗ ಸಂವಹನ ಉತ್ತಮವಾಗಿತ್ತು ಎಂದು ತೋರಿಸಿವೆ.

ಏನು ಮಾಡಬಹುದು?

ವೈದ್ಯರ ಬಳಿ ಹೋಗುವಾಗ ಹಿರಿಯರು ಯಾವ ಭಾಷೆಯಲ್ಲಿ ಓದಿದರು, ಎಲ್ಲಿ ಯಾವ ಭಾಷೆ ಬಳಸಿದರು, ಇತ್ತೀಚೆಗೆ ಯಾವುದನ್ನು ಬಿಟ್ಟರು ಎಂದು ಬರೆದುಕೊಂಡು ಹೋಗಬೇಕು. ಕನ್ನಡದಲ್ಲಿ ಪರೀಕ್ಷೆ ಸಾಧ್ಯವೇ ಎಂದು ಕೇಳಬೇಕು. ದುಭಾಷಿಯಾಗಿ ಕುಳಿತ ಮಕ್ಕಳು ಉತ್ತರದ ಸುಳಿವು ಕೊಡಬಾರದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ರಿಂದ ಮಾಹಿತಿ ಪಡೆಯಬಹುದು.

ಮುಂಬೈ ಭಾಗದ ಕನ್ನಡ, ತುಳು ಸಂಘಗಳು ಯಕ್ಷಗಾನ, ನಾಟಕ, ವಿದ್ಯಾರ್ಥಿವೇತನಕ್ಕೆ ವರ್ಷವಿಡೀ ದುಡಿಯುತ್ತವೆ. ವಾರಕ್ಕೊಮ್ಮೆ ಇಂಥ ಹಿರಿಯರ ಮನೆಗೆ ಹೋಗಿ ಅವರ ಭಾಷೆಯಲ್ಲಿ ಒಂದು ಗಂಟೆ ಮಾತನಾಡುವ ಸ್ವಯಂಸೇವಕರನ್ನು ಸಿದ್ಧಪಡಿಸಲು ದೊಡ್ಡ ಖರ್ಚು ಬೇಕಿಲ್ಲ.